ಘಾನಾದ ಮಂತ್ರಿ ಗ್ಬೆಡೆಮಾ: ಒಂದು ಏಳುಬೀಳು

ಘಾನಾ ದೇಶವೆಂದೊಡನೆ ಕ್ವಾಮೆ ಎನ್‌ಕ್ರುಮಾ ಅವರ ಹೆಸರು ನೆನಪಿಗೆ ಬರುತ್ತದೆ. ಆದರೆ ಆ ನಾಯಕರನ್ನು ಸೆರೆಮನೆಯಿಂದ ಅಧಿಕಾರಪೀಠಕ್ಕೆ ಕರೆತಂದ ಕೊಮ್ಲಾ ಅಗ್ಬೆಲಿ ಗ್ಬೆಡೆಮಾ ನಮ್ಮಲ್ಲಿ ಬಹುಮಂದಿಗೆ ಅಪರಿಚಿತರು. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಇವರ ಜೀವನದಿಂದ ಕಲಿಯಬೇಕಾದುದು ಬಹಳವಿದೆಯೆಂದು ನನ್ನ ನಂಬಿಕೆ.

1913ರಲ್ಲಿ ಜನಿಸಿದ ಗ್ಬೆಡೆಮಾ ಕನ್ವೆನ್ಷನ್ ಪೀಪಲ್ಸ್ ಪಕ್ಷದ ಸ್ಥಾಪಕರಲ್ಲೊಬ್ಬರು. 1950ರಲ್ಲಿ ಎನ್‌ಕ್ರುಮಾ ಬಂಧಿತರಾದಾಗ ಪಕ್ಷದ ಭಾರವೆಲ್ಲ ಇವರ ಹೆಗಲ ಮೇಲೆ ಬಿತ್ತು. 1951ರ ಚುನಾವಣೆಯಲ್ಲಿ ಸೆರೆಯಲ್ಲಿದ್ದ ನಾಯಕರನ್ನೇ ಅಕ್ರಾ ನಗರದಲ್ಲಿ ಅಭ್ಯರ್ಥಿಯಾಗಿ ನಿಲ್ಲಿಸಿದರು. ಎನ್‌ಕ್ರುಮಾ ಅವರಿಗೆ 22,780 ಮತಗಳು ಬಂದವು; ಸೆರೆಮನೆಯ ಬಾಗಿಲು ತೆರೆಯಿತು. 1954ರಿಂದ ಗ್ಬೆಡೆಮಾ ಹಣಕಾಸಿನ ಮಂತ್ರಿಗಳಾದರು. ವೋಲ್ಟಾ ನದಿಯ ಅಣೆಕಟ್ಟಿಗಾಗಿ ಬಹಳ ಶ್ರಮಿಸಿದರು.

1957ರ ಅಕ್ಟೋಬರಿನಲ್ಲಿ ಅಮೆರಿಕದ ಡೋವರ್ ಪಟ್ಟಣದ ಉಪಾಹಾರಗೃಹವೊಂದರಲ್ಲಿ ಕರಿಯರೆಂಬ ಕಾರಣಕ್ಕೆ ಇವರಿಗೆ ಒಳಗೆ ಕುಳಿತು ಕಿತ್ತಳೆರಸ ಕುಡಿಯಲು ಅವಕಾಶ ಕೊಡಲಿಲ್ಲ. ಸುದ್ದಿ ಹಬ್ಬಿತು. ಅಧ್ಯಕ್ಷ ಐಸೆನ್‌ಹೋವರ್ ಇವರನ್ನು ಶ್ವೇತಭವನಕ್ಕೆ ಕರೆದು ಉಪಾಹಾರ ನೀಡಬೇಕಾಯಿತು.

ಹೊರಗಿನ ಅವಮಾನಕ್ಕೆ ಹೀಗೆ ಪರಿಹಾರ ದೊರೆಯಿತು. ಒಳಗಿನದಕ್ಕೆ ದೊರೆಯಲಿಲ್ಲ. 1958ರಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾನೂನು ಬಂದಿತು. ಆಗ ಗ್ಬೆಡೆಮಾ ಮಂತ್ರಿಮಂಡಲದಲ್ಲಿಯೇ ಇದ್ದರು. 1961ರಲ್ಲಿ ಹಣಕಾಸಿನ ಖಾತೆ ಕೈತಪ್ಪಿತು. ಸೆಪ್ಟೆಂಬರಿನಲ್ಲಿ ಸರ್ಕಾರದಿಂದಲೇ ಹೊರಬೀಳಬೇಕಾಯಿತು. ಮರುತಿಂಗಳು ವಿಶೇಷ ನ್ಯಾಯಾಲಯಗಳ ಮಸೂದೆ ಬಂದಾಗ, ಇದರಿಂದ ಪ್ರಜೆಗಳ ಸ್ವಾತಂತ್ರ್ಯಕ್ಕೆ ಕುತ್ತೆಂದು ಪಾರ್ಲಿಮೆಂಟಿನಲ್ಲಿ ಧೈರ್ಯವಾಗಿ ಎಚ್ಚರಿಸಿದರು. ಬಳಿಕ ದೇಶ ಬಿಟ್ಟು ಓಡಬೇಕಾಯಿತು.

1966ರ ಸೈನಿಕ ಕ್ರಾಂತಿಯಲ್ಲಿ ಎನ್‌ಕ್ರುಮಾ ಪದಚ್ಯುತರಾದ ಮೇಲೆ ಗ್ಬೆಡೆಮಾ ಸ್ವದೇಶಕ್ಕೆ ಮರಳಿದರು. 1969ರ ಚುನಾವಣೆಯಲ್ಲಿ ಇವರ ಹೊಸ ಪಕ್ಷಕ್ಕೆ ಲಭಿಸಿದ್ದು 29 ಸ್ಥಾನಗಳು. ಬುಸಿಯಾ ಅವರ ಪಕ್ಷಕ್ಕೆ 105. ತಾವು ಗೆದ್ದರೂ, ಮಂತ್ರಿಯಾಗಿದ್ದ ಕಾಲದ ಹಣದ ವಿಚಾರದಲ್ಲಿ ತನಿಖಾ ಆಯೋಗ ದೋಷ ಹೊರಿಸಿದ್ದರಿಂದ ನ್ಯಾಯಾಲಯ ಇವರ ಸದಸ್ಯತ್ವವನ್ನು ಅನೂರ್ಜಿತಗೊಳಿಸಿತು. 1998ರಲ್ಲಿ ನಿಧನರಾದರು.

ಗ್ಬೆಡೆಮಾ ನಿಷ್ಕಳಂಕ ವೀರರೆಂದು ನಾನು ಹೇಳಲಾರೆ. ಆದರೆ ಅವರ 1961ರ ಮಾತು ಸತ್ಯವಾಗಿತ್ತು. ಆ ಮಾತನ್ನು 1958ರಲ್ಲಿಯೇ, ಅಧಿಕಾರ ಕೈಯಲ್ಲಿದ್ದಾಗಲೇ ಆಡಿದ್ದರೆ ಅದರ ತೂಕ ಎಷ್ಟೋ ಹೆಚ್ಚುತ್ತಿತ್ತು. ಇನ್ನೊಬ್ಬರ ಮನೆಬಾಗಿಲಿಗೆ ಹಾಕುವ ಬೀಗ ನಾಳೆ ನಮ್ಮ ಬಾಗಿಲಿಗೂ ಬಿದ್ದೀತೆಂಬುದನ್ನು ಪೀಠದಲ್ಲಿ ಕುಳಿತವರು ಮೊದಲೇ ಅರಿಯಬೇಕು.