ಹರಿಯುವ ಹಿಮ, ಜಾರುವ ಹಾದಿ

ಸ್ವಿಟ್ಜರ್‌ಲೆಂಡಿನ ಮೂಸ್‌ಫ್ಲೂ ಬೆಟ್ಟದ ಕಾಲುದಾರಿಯಲ್ಲಿ ನಿಂತು ಆಲೆಚ್ ಹಿಮನದಿಯನ್ನು ನೋಡಿದರೆ, ಬಿಳಿಯ ಬಯಲಿನಲ್ಲಿ ದೈತ್ಯ ಚಕ್ಕಡಿಯೊಂದು ಹಾದುಹೋದ ಜಾಡಿನಂತೆ ಎರಡು ಕಪ್ಪು ಗೆರೆಗಳು ಕಾಣುತ್ತವೆ. ಫೋಟೊ ತೆಗೆದುಕೊಂಡು ಮುಂದೆ ಹೋಗುವವರೇ ಹೆಚ್ಚು. ನೋಟದ ತಿರುಳೆಲ್ಲ ಇರುವುದು ಆ ಗೆರೆಗಳಲ್ಲೇ.

ಸುಮಾರು 20 ಕಿ.ಮೀ. ಉದ್ದದ ಆಲೆಚ್, ಆಲ್ಪ್ಸ್ ಪರ್ವತಗಳ ಅತಿ ದೊಡ್ಡ ಹಿಮನದಿ. ಮೇಲ್ಭಾಗದ ಕಾಂಕಾರ್ಡಿಯಾದಲ್ಲಿ ಹಲವು ಹಿಮಪ್ರವಾಹಗಳು ಬಂದು ಕೂಡುತ್ತವೆ. ಪ್ರತಿಯೊಂದರ ಅಂಚಿನಲ್ಲೂ ಬೆಟ್ಟದಿಂದ ಉದುರಿದ ಕಲ್ಲುಮಣ್ಣಿರುತ್ತದೆ. ಎರಡು ಪ್ರವಾಹ ಸೇರಿದಾಗ ಆ ಅಂಚುಗಳು ನಡುವೆ ಸಿಕ್ಕಿ ಗೆರೆಯಾಗುತ್ತವೆ. ನೀರಾಗಿದ್ದರೆ ಕಲಸಿಹೋಗುತ್ತಿತ್ತು, ಮಂಜುಗಡ್ಡೆ ಪಕ್ಕಪಕ್ಕದಲ್ಲೇ ಸಾಗುತ್ತದೆ. ಹೌದು, ಸಾಗುತ್ತದೆ. ಕಾಂಕಾರ್ಡಿಯಾದಲ್ಲಿ ಸುಮಾರು 800 ಮೀಟರ್ ದಪ್ಪವಿರುವ ಈ ರಾಶಿಯ ಹರಳುಗಳು ತಮ್ಮದೇ ಭಾರಕ್ಕೆ ಮಣಿದು, ವರ್ಷಕ್ಕೆ 200 ಮೀಟರಿನವರೆಗೂ ಜರುಗುತ್ತವೆ. ಕೆಳಗಿಳಿದಂತೆ ವೇಗ ತಗ್ಗುತ್ತದೆ.

ಈ ನಡಿಗೆಗೆ ದಾರುಣವಾದ ಸಾಕ್ಷ್ಯವೊಂದಿದೆ. 1926ರಲ್ಲಿ ಇಲ್ಲಿ ಕಾಣೆಯಾದ ಮೂವರು ಸಹೋದರರ ಮೂಳೆಗಳು 2012ರಲ್ಲಿ ಹಿಮನದಿಯ ಕೆಳಭಾಗದಲ್ಲಿ ಸಿಕ್ಕವು. ಮೇಲ್ಭಾಗದಲ್ಲಿ ವರ್ಷವರ್ಷವೂ ಬೀಳುವ ಹಿಮ ಎಲ್ಲವನ್ನೂ ಹೂಳುತ್ತದೆ. ಕೆಳಗೆ ಕರಗುವಿಕೆ ಹೂತದ್ದನ್ನು ಹೊರಹಾಕುತ್ತದೆ. ಗೀಯೋಮ್ ಜೂವೆ ಮತ್ತು ಮಾರ್ಟಿನ್ ಫಂಕ್ ಎಂಬ ವಿಜ್ಞಾನಿಗಳು ಹರಿವಿನ ಗಣಿತ ಮಾದರಿಯನ್ನು ಕಾಲದಲ್ಲಿ ಹಿಂದಕ್ಕೆ ಓಡಿಸಿ, ಆ ದೇಹಗಳು 10 ಕಿ.ಮೀ.ಗೂ ಹೆಚ್ಚು ದೂರ ಸಾಗಿ ಬಂದಿವೆ ಎಂದು ಲೆಕ್ಕ ಹಾಕಿದರು.

ಕಣಿವೆಯ ಎದುರು ಗೋಡೆಯನ್ನೂ ಗಮನಿಸಬೇಕು. ಮೇಲೆ ಕಲ್ಲುಹೂವು ಹತ್ತಿ ಕಪ್ಪಾದ ಬಂಡೆ, ಕೆಳಗೆ ಬಿಳಿಚಿಕೊಂಡ ಪಟ್ಟಿ. ಇವೆರಡರ ಗಡಿಯೇ 19ನೇ ಶತಮಾನದ ನಡುವೆ ಹಿಮ ತುಂಬಿ ನಿಂತಿದ್ದ ಮಟ್ಟ. ಹವಾಮಾನ ಬದಲಾವಣೆಯ ಯಾವ ನಕ್ಷೆಯೂ ನನಗೆ ಇಷ್ಟು ನೇರವಾಗಿ ವಿಷಯ ಮುಟ್ಟಿಸಿಲ್ಲ.

ಅಷ್ಟು ಹಿಮ ಹೋದರೆ ಬೆಟ್ಟಕ್ಕೇನು? ಬುಡಕ್ಕೆ ಒತ್ತುಕೊಟ್ಟಿದ್ದ ಗೋಡೆಯೇ ಹೋದಂತೆ. ಮೂಸ್‌ಫ್ಲೂವಿನ ಇಳಿಜಾರು ವರ್ಷಗಳಿಂದ ನಿಧಾನವಾಗಿ ಕುಸಿಯುತ್ತಿತ್ತು. 2016ರ ಶರತ್ಕಾಲದಲ್ಲಿ ದಿನಕ್ಕೆ ಹತ್ತಾರು ಸೆಂ.ಮೀ. ಜಾರತೊಡಗಿತು. ನೆಲ ಬಿರಿದು, ಹಲವು ಕಾಲುದಾರಿಗಳನ್ನು ಮುಚ್ಚಬೇಕಾಯಿತು. ಅಲ್ಲಿನ ಕೇಬಲ್ ಕಾರ್ ನಿಲ್ದಾಣವನ್ನು, ನೆಲ ಸರಿದರೆ ಅದೂ ಸರಿಹೊಂದಿಕೊಳ್ಳುವಂತೆಯೇ ಕಟ್ಟಿದ್ದಾರೆ. ಕಾಲುದಾರಿಗಳಿಗೆ ಅಂಥ ಸೌಕರ್ಯವಿಲ್ಲ. ಹಾಗಾಗಿ ಹಳೆಯ ನಕಾಶೆಯನ್ನು ಬದಿಗಿಟ್ಟು, ಅಂದು ಯಾವ ದಾರಿ ತೆರೆದಿದೆ ಎಂದು ನಿಲ್ದಾಣದಲ್ಲೇ ವಿಚಾರಿಸಿ ಹೊರಡುವುದು ಒಳ್ಳೆಯದು.