ಕಲ್ಲಿನ ಮೇಲೆ ಜೀತದಾಳಿನ ಹೆಸರು ಯಾಕಿಲ್ಲ?

ಇವತ್ತಿನ ಎಪಿಸೋಡನ್ನು ಒಂದು ಪದದಿಂದ ಶುರು ಮಾಡೋಣ: ಜೀತ.

ಮುಳಬಾಗಿಲು, ಶ್ರೀನಿವಾಸಪುರ ಕಡೆಯವರಿಗೆ ತೆಲುಗು ಹೇಳಿಕೊಡಬೇಕಿಲ್ಲ. 'ಜೀತಂ ಪಡಿಂದಾ?' ಅಂದ್ರೆ 'ಸಂಬಳ ಬಿತ್ತಾ?' ಅಂತ. ಕನ್ನಡದಲ್ಲೂ ಹಿಂದೆ ಜೀತ ಅಂದ್ರೆ ಸಂಬಳವೇ. ಈಗ ಅದೇ ಪದಕ್ಕೆ ಸಂಬಳವೇ ಇಲ್ಲದ ದುಡಿಮೆ ಅನ್ನೋ ಅರ್ಥ. ಹಾಗೆ ದುಡಿದು ಹೋದ ನಮ್ಮ ಹಿರಿಯರನ್ನು ಊರು ಹೇಗೆ ನೆನೆಯಬೇಕು? ಇವತ್ತಿನ ಪ್ರಶ್ನೆ ಇದು.

ಮೊದಲು ಲೆಕ್ಕ ನೋಡೋಣ, ನಾನು ಬಿ.ಕಾಂ ಓದಿದವನು. ನೀವು ಫೋನಿಗೆ ಇಎಂಐ ಕಟ್ತೀರಿ. ಪ್ರತಿ ತಿಂಗಳೂ ಸ್ವಲ್ಪ ಬಡ್ಡಿಗೆ, ಸ್ವಲ್ಪ ಅಸಲಿಗೆ ಹೋಗುತ್ತೆ, ಒಂದು ದಿನ ಸಾಲ ತೀರುತ್ತೆ. ಜೀತದಲ್ಲಿ ಹಾಗಲ್ಲ. ಮದುವೆಗೋ ಕಾಯಿಲೆಗೋ 500 ರೂಪಾಯಿ ತಂದ್ರು ಅಂದ್ಕೊಳ್ಳಿ. ವರ್ಷವಿಡೀ ಮಾಡಿದ ಕೆಲಸ ಬಡ್ಡಿಗೇ ಜಮಾ. ಅಸಲು ಹಾಗೇ ಇರುತ್ತೆ. ಹಬ್ಬಕ್ಕೆ ಕೊಟ್ಟ ಬಟ್ಟೆ, ಬರಗಾಲದಲ್ಲಿ ಕೊಟ್ಟ ರಾಗಿ ಮತ್ತೆ ಸಾಲಕ್ಕೇ ಸೇರುತ್ತೆ. ಲೆಕ್ಕದ ಪುಸ್ತಕ ಸಾಲ ಕೊಟ್ಟವರ ಹತ್ತಿರ, ಹೆಬ್ಬೆಟ್ಟು ಮಾತ್ರ ಇವರದು. ಅಪ್ಪ ಸತ್ತರೆ ಮಗ ಹೋಗಬೇಕು.

ಇದನ್ನು ಗುಲಾಮಗಿರಿ ಅನ್ನಬಹುದಾ? ಬ್ರಿಟಿಷ್ ಸರ್ಕಾರ 1843ರಲ್ಲೇ, ಗುಲಾಮಗಿರಿಯನ್ನು ಕೋರ್ಟುಗಳು ಮಾನ್ಯ ಮಾಡಬಾರದು ಅಂತ ಕಾಯಿದೆ ತಂದಿತ್ತು. ಆದರೆ ಸಾಲದ ಹೆಸರಿನಲ್ಲಿ ಮನುಷ್ಯರನ್ನು ಕಟ್ಟಿಹಾಕೋದು ನಿಲ್ಲಲಿಲ್ಲ. ಅದಕ್ಕೇ ಅಂತಲೇ ಕಾನೂನು ಬಂದದ್ದು 1976ರ ಫೆಬ್ರವರಿ 9ರಂದು, ಜೀತ ಪದ್ಧತಿ ರದ್ದತಿ ಕಾಯಿದೆ. ಜೀತ ಅಂದ್ರೆ ಏನು ಅಂತ ಅದು ಬಿಡಿಸಿ ಹೇಳುತ್ತೆ: ಬೇರೆ ಕಡೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಇಲ್ಲ, ಊರು ಬಿಟ್ಟು ಓಡಾಡೋ ಹಕ್ಕಿಲ್ಲ, ಕೂಲಿ ಇಲ್ಲ ಅಥವಾ ನೆಪಕ್ಕಷ್ಟೇ ಇದೆ. ಸಾಲದಿಂದ ಮಾತ್ರವಲ್ಲ, ವಂಶದಿಂದ ಬಂದ ಜೀತ, ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕೇ ಬಂದ ಜೀತ, ಎರಡನ್ನೂ ಆ ಕಾಯಿದೆ ಹೆಸರಿಸುತ್ತೆ. ಕಾಗದದ ಮೇಲೆ ಎಲ್ಲರೂ ಬಿಡುಗಡೆಯಾದರು, ಸಾಲ ಮನ್ನಾ ಆಯ್ತು. ಹೆಸರು ಬೇರೆ ಇರಬಹುದು, ಬದುಕು ಗುಲಾಮರದೇ.

ಈಗ ಸ್ಮಾರಕದ ವಿಷಯ. ಕೋಲಾರ ಸೀಮೆಗೆ ಸ್ಮಾರಕ ಹೊಸದಲ್ಲ. ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲು ನೋಡಿರ್ತೀರಿ. ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ ತಂದರು. ತುರು ಕಾಯ್ದು ಸತ್ತವನಿಗೆ, ಅಂದ್ರೆ ಊರಿನ ದನ ಕದಿಯೋಕೆ ಬಂದವರ ಜೊತೆ ಹೋರಾಡಿ ಪ್ರಾಣ ಬಿಟ್ಟವನಿಗೆ, ನಮ್ಮವರು ಕಲ್ಲು ನಿಲ್ಲಿಸ್ತಿದ್ರು. ಕೆಳಗೆ ಕಾಳಗ, ಮೇಲೆ ಕೈಲಾಸ. ಆದರೆ ಅದೇ ದನಗಳನ್ನು ದಿನಾ ಮೇಯಿಸಿ, ಕೊಟ್ಟಿಗೆಯಲ್ಲೇ ಮಲಗಿದ ಜೀತದ ಹುಡುಗನಿಗೆ ಕಲ್ಲಿಲ್ಲ. ದನಕ್ಕಾಗಿ ಒಂದು ದಿನ ಸತ್ತವನನ್ನು ಊರು ನೆನಪಿಟ್ಟಿತು, ದನದ ಜೊತೆ ಇಡೀ ಆಯಸ್ಸು ಕಳೆದವನನ್ನು ಮರೆತುಬಿಟ್ಟಿತು.

ಬೇರೆ ಕಡೆ ಏನು ಮಾಡಿದ್ದಾರೆ? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರಲ್ಲಿ ಬಹಳ ಜನರನ್ನು ಆಫ್ರಿಕಾದಿಂದ ಗುಲಾಮರಾಗಿ ಪೋರ್ಚುಗೀಸರ ಗೋವಾಕ್ಕೆ ತಂದಿದ್ದರು, ತಪ್ಪಿಸಿಕೊಂಡವರು ಕಾಡು ಸೇರಿದರು. ಇವತ್ತಿಗೂ ಸಿದ್ದಿಗಳು ಮನೆಯಲ್ಲಿ 'ಹಿರಿಯರು' ಅಂತ ಪೂರ್ವಿಕರಿಗೆ ಪೂಜೆ ಮಾಡ್ತಾರೆ. ನಮ್ಮಲ್ಲೂ ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತೀವಿ. ಅದು ಮನೆಯೊಳಗಿನ ನೆನಪು. ಊರಿನ ನೆನಪು ಬೇರೆ.

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ 2024ರಲ್ಲಿ ಒಂದು ದೊಡ್ಡ ಗೋಡೆ ಎದ್ದಿತು. ಅದರ ಮೇಲೆ 1,22,000ಕ್ಕೂ ಹೆಚ್ಚು ಮನೆತನದ ಹೆಸರುಗಳಿವೆ. ಹೆಸರು ಸಿಕ್ಕಿದ್ದು 1870ರ ಜನಗಣತಿಯಲ್ಲಿ. ಅದಕ್ಕೂ ಮುಂಚಿನ ಗಣತಿಗಳಲ್ಲಿ ಗುಲಾಮರ ಪಟ್ಟಿ ಒಡೆಯನ ಹೆಸರಿನ ಕೆಳಗೆ ಇರ್ತಿತ್ತು: ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಬಿಡುಗಡೆಯಾದ ಮೇಲಿನ ಮೊದಲ ಗಣತಿಯಲ್ಲಿ ಎಲ್ಲರಿಗೂ ಹೆಸರು ಬಂತು. ಇವತ್ತು ಮೊಮ್ಮಕ್ಕಳ ಮಕ್ಕಳು ಆ ಗೋಡೆಯಲ್ಲಿ ತಮ್ಮ ಹೆಸರು ಹುಡುಕಬಹುದು.

ನಮಗೂ ಇಂಥದ್ದೊಂದು ಬೇಕು ಅಂತ ನನಗನಿಸುತ್ತೆ. ಆದರೆ ಒಂದು ತೊಡಕಿದೆ, ನಾಚಿಕೆ. ನಮ್ಮ ತಾತನೂ ಜೀತಕ್ಕಿದ್ದವರು. ಮನೇಲಿ ಯಾರೂ ಆ ಪದ ಬಳಸಲ್ಲ. 'ದೊಡ್ಡಮನೇಲಿ ಇದ್ರು' ಅಂತಾರೆ. ಆ 'ಇದ್ರು' ಅನ್ನೋದರಲ್ಲೇ ಎಲ್ಲಾ ಮುಗಿದುಹೋಗುತ್ತೆ. ಹೆಸರು ಕಲ್ಲಿನ ಮೇಲೆ ಬಂದ್ರೆ ಜಾತಿಯೂ ಬಯಲಾಗುತ್ತೆ, ಮೊಮ್ಮಗಳ ಮದುವೆ ಮಾತುಕತೆಯಲ್ಲಿ ಅದೇ ಮಾತು ಏಳುತ್ತೆ ಅನ್ನೋ ಭಯ ಸುಳ್ಳಲ್ಲ. ಸಾಲ ಕೊಟ್ಟವರ ಮೊಮ್ಮಕ್ಕಳೂ ಅದೇ ಬೀದಿಯಲ್ಲಿದ್ದಾರೆ. ಆದ್ದರಿಂದ ಯಾರ ಹೆಸರು ಬರಬೇಕು ಅಂತ ತೀರ್ಮಾನ ಮಾಡೋದು ಆ ಮನೆಯವರು, ಸರ್ಕಾರವೂ ಅಲ್ಲ, ನನ್ನಂಥ ಪಾಡ್‌ಕಾಸ್ಟ್‌ನವನೂ ಅಲ್ಲ. ಆದರೆ ನಾಚಿಕೆ ಪಡಬೇಕಾದ್ದು ದುಡಿದವರಲ್ಲ. ಇದನ್ನು ಊರ ನಡುವೆ ಹೇಳೋಕೇ ಸ್ಮಾರಕ ಬೇಕು.

ಕಲ್ಲಿಗಿಂತ ಮೊದಲು ಹೆಸರು ಬೇಕು. 1976ರಲ್ಲಿ 20 ವರ್ಷದವರಿಗೆ ಈಗ 70 ದಾಟಿದೆ. ಕೈಯಲ್ಲಿ ಫೋನಿದೆ, ರೆಕಾರ್ಡರ್ ಆನ್ ಮಾಡಿ. ಮೊದಲು ಒಪ್ಪಿಗೆ ಕೇಳಿ. ಆಮೇಲೆ ಹೆಸರು, ಊರು, ಎಷ್ಟು ಸಾಲಕ್ಕೆ, ಎಷ್ಟು ವರ್ಷ, ಹೇಗೆ ಹೊರಗೆ ಬಂದ್ರು ಅಂತ ಕೇಳಿ. ಇಸವಿ ಗೊತ್ತಿಲ್ಲದಿದ್ರೆ 'ಯಾವ ಬರಗಾಲ, ಯಾರ ಮದುವೆ' ಅಂತ ಕೇಳಿ, ಲೆಕ್ಕ ಸಿಗುತ್ತೆ. ಹೆಂಗಸರನ್ನು ಬಿಡಬೇಡಿ, ಅವರ ಕೆಲಸ ಯಾವ ಲೆಕ್ಕದಲ್ಲೂ ಬರೆದಿರಲ್ಲ. ನಾಲ್ಕು ಮನೆಯವರು ಒಪ್ಪಿದರೆ ಗ್ರಾಮಸಭೆಯಲ್ಲಿ ಕೇಳಿ: ಶಾಲೆ ಹತ್ತಿರ ಒಂದು ಕಲ್ಲು, ಪ್ರತಿವರ್ಷ ಫೆಬ್ರವರಿ 9ಕ್ಕೆ ಒಂದು ಹೂವು.

ಇನ್ನೊಂದು ಮಾತು. ಸ್ಮಾರಕ ಕಟ್ಟಿ 'ಅದೆಲ್ಲಾ ಹಳೇ ಕಾಲದ್ದು' ಅಂತ ಕೈ ತೊಳೆದುಕೊಳ್ಳೋಹಾಗಿಲ್ಲ. ಇಟ್ಟಿಗೆ ಗೂಡು, ತೋಟ, ಕೋಳಿ ಫಾರಂ, ಎಲ್ಲೇ ಆಗಲಿ, ಮುಂಗಡ ಕೊಟ್ಟು ಹೊರಗೆ ಹೋಗೋಕೆ ಬಿಡದಿದ್ರೆ ಅದೂ ಜೀತವೇ. ತಹಶೀಲ್ದಾರ್‌ಗೋ ಉಪವಿಭಾಗಾಧಿಕಾರಿಗೋ ತಿಳಿಸಿ. ಮಕ್ಕಳಿದ್ರೆ 1098ಕ್ಕೆ ಫೋನ್ ಮಾಡಿ. ಅದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಕಾಯಿದೆ ಪ್ರಕಾರ ಸಾಲ ಕೊಟ್ಟವನದ್ದೇ. ಬಿಡುಗಡೆಯಾದವರಿಗೆ ಸರ್ಕಾರ ಬಿಡುಗಡೆ ಪತ್ರ ಕೊಡುತ್ತೆ. ಹೆಬ್ಬೆಟ್ಟಿನ ಜಾಗದಲ್ಲಿ ಹೆಸರು ಬರೋದು ಅಲ್ಲಿಂದಲೇ.

ಈ ವಾರ ಒಬ್ಬ ಹಿರಿಯರನ್ನು ಮಾತಾಡಿಸಿ. ಮುಂದಿನ ಎಪಿಸೋಡಿನಲ್ಲಿ ಸಿಗೋಣ.