ಹುಡುಗರಿಗೂ ಕಾನೂನು ಇದೆ, ಕೇಳೋ ಕಿವಿ ಬೇಕು

ತಾಳಿಕೋಟೆ ಅಂದ್ರೆ ಎಲ್ಲರಿಗೂ 1565ರ ಯುದ್ಧ ನೆನಪಾಗ್ತದೆ. ಯುದ್ಧದ ಕತೆಯಲ್ಲಿ ಗಂಡಸರು ಒಂದೋ ಗೆಲ್ತಾರೆ, ಇಲ್ಲಾ ಸಾಯ್ತಾರೆ. ಆದರೆ ಯುದ್ಧದಲ್ಲಿ ಗಂಡಸರು, ಹುಡುಗರ ಮೇಲೂ ಲೈಂಗಿಕ ಹಿಂಸೆ ನಡೀತದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದನ್ನು ತನ್ನ ನಿರ್ಣಯದಲ್ಲಿ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ.

ಯುದ್ಧವಿಲ್ಲದ ಊರಲ್ಲೂ ಇದೇ ಮೌನ. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯ ಆಗಿದೆ ಎಂದು ಹೇಳಿದ ಮಕ್ಕಳಲ್ಲಿ ಶೇ. 52.94 ಹುಡುಗರೇ ಇದ್ದರು!

2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಒಂದೇ. ಹೇಳಿಕೆ ಕೊಡಲಿಕ್ಕೆ ಮಗು ಠಾಣೆ ಮೆಟ್ಟಿಲು ಹತ್ತಬೇಕಿಲ್ಲ; ಪೊಲೀಸರೇ ಸಮವಸ್ತ್ರವಿಲ್ಲದೆ ಮನೆಗೋ, ಮಗು ಹೇಳಿದ ಜಾಗಕ್ಕೋ ಬರಬೇಕು. ಮಾಧ್ಯಮದವರು ಮಗುವಿನ ಹೆಸರು, ಫೋಟೋ ಹಾಕುವ ಹಾಗಿಲ್ಲ.

ಇಷ್ಟೆಲ್ಲ ಇದ್ದರೂ ಮೊದಲ ಮಾತು ಬರೋದು ಠಾಣೆಗಲ್ಲ, ನಮ್ಮ ಹತ್ತಿರ. ತಮ್ಮನೋ ಗೆಳೆಯನೋ ಬಾಯಿಬಿಟ್ಟರೆ ನಗಬೇಡಿ. "ನೀ ಯಾಕೆ ತಿರುಗಿ ಹೊಡೀಲಿಲ್ಲ?" ಅಂತ ಕೇಳಬೇಡಿ. ಹೆದರಿಕೆಗೆ ಮೈ ಮರಗಟ್ಟೋದು ಹೇಡಿತನ ಅಲ್ಲ. "ನಾ ನಂಬ್ತೀನಿ, ತಪ್ಪು ನಿಂದಲ್ಲ" ಅನ್ನಿ.

ಮಕ್ಕಳಿಗೆ 1098, ಮನಸ್ಸಿನ ನೋವಿಗೆ ಯಾವ ವಯಸ್ಸಿನವರಿಗೂ ಟೆಲಿ ಮಾನಸ್ 14416. ಎರಡೂ ಉಚಿತ, 24 ಗಂಟೆ. ಈಗಲೇ ಸೇವ್ ಮಾಡ್ಕೊಳ್ರಿ.